ಸಂದು ಮುಚ್ಚಿದ ಚಳಿಗಾಲ

ನಮ್ಮ ಬೀದಿಯ ತಿರುವಿನಲ್ಲಿ ಒಂದು ಇಸ್ತ್ರಿ ಗಾಡಿ ನಿಲ್ಲುತ್ತದೆ. ಬೆಳಿಗ್ಗೆ ಎಂಟು ಗಂಟೆಗೆಲ್ಲ ಅದರ ಯಜಮಾನ ತೆಂಗಿನ ಚಿಪ್ಪಿನ ಇದ್ದಿಲಿಗೆ ಬೆಂಕಿ ತಾಗಿಸಿ, ಇಸ್ತ್ರಿ ಪೆಟ್ಟಿಗೆಯ ಬಾಯಿಗೆ ರಟ್ಟಿನ ಚೂರಿನಿಂದ ಗಾಳಿ ಹಾಕುತ್ತ ನಿಂತಿರುತ್ತಾನೆ. ಅದೇನೂ ಕೆಟ್ಟ ವಾಸನೆಯಲ್ಲ. ಒಂದಿಷ್ಟು ಎಣ್ಣೆಜಿಡ್ಡು, ಒಂದಿಷ್ಟು ಸುಟ್ಟ ಕೊಬ್ಬರಿ. ತಿಪಟೂರು ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ತವರು ನೆನಪಾಗಿ ಮೂಗು ಅರಳಬೇಕು. ನಾನು ಮಾತ್ರ ಸೆರಗನ್ನು ಮೂಗಿಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು ಆ ತಿರುವನ್ನು ದಾಟುತ್ತೇನೆ. "ಕೊಬ್ಬರಿ ಸೀಮೆಯವಳು ಚಿಪ್ಪಿನ ಹೊಗೆಗೆ ಹೆದರ್ತೀಯಲ್ಲೇ" ಎಂದು ನನ್ನ ಗಂಡ ಎಷ್ಟೋ ಸಲ ನಕ್ಕಿದ್ದಾರೆ. ನಾನೂ ನಗುತ್ತೇನೆ. ಹೊಗೆಗಾದರೆ ಯಾರು ಹೆದರುತ್ತಾರೆ? ಚೆನ್ನಾಗಿ ಹತ್ತಿದ ಚಿಪ್ಪಿನ ಕೆಂಡಕ್ಕೆ ಹೊಗೆಯೇ ಇರುವುದಿಲ್ಲ. ಮನೆ ಸೇರಿದವಳೇ ನಾನು ಮಾಡುವ ಮೊದಲ ಕೆಲಸ ಕಿಟಕಿಗಳನ್ನು ತೆರೆಯುವುದು. ಮಾಗಿಯ ಚಳಿಯಲ್ಲೂ ನಮ್ಮ ಮನೆಯ ಒಂದು ಕಿಟಕಿ ತೆರೆದೇ ಇರುತ್ತದೆ, ಮಕ್ಕಳು ಗೊಣಗಿಕೊಂಡು ಹೊದ್ದು ಮಲಗುತ್ತಾರೆ.

ಹೊನ್ನವಳ್ಳಿಯಿಂದ ಎರಡು ಮೈಲಿ ಒಳಗೆ, ತೋಟಗಳ ನಡುವೆ ನಮ್ಮ ಮನೆಯಿತ್ತು. ದಪ್ಪ ಮಣ್ಣಿನ ಗೋಡೆ, ಹೆಂಚಿನ ಮಾಡು, ಅವೆರಡರ ನಡುವೆ ಮನೆಯಗಲಕ್ಕೂ ಅಟ್ಟ. ನಮ್ಮ ಕಡೆ ಅಟ್ಟವೆಂದರೆ ಮುರುಕು ಸಾಮಾನು ಎಸೆಯುವ ಜಾಗವಲ್ಲ. ಸಿಪ್ಪೆ ಸಮೇತ ಕಾಯಿಯನ್ನು ಅಲ್ಲಿ ಗುಡ್ಡೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅಟ್ಟಕ್ಕೆ ಹಲಗೆ ಹೊಡೆಯುವುದಿಲ್ಲ. ಸೀಳಿದ ಬಿದಿರ ದಬ್ಬೆಗಳನ್ನು ಬೆರಳು ತೂರುವಷ್ಟು ಸಂದು ಬಿಟ್ಟು ಹಾಸಿರುತ್ತಾರೆ, ಕೆಳಗಿನ ಒಲೆಯ ಕಾವು ಮೇಲೇರಿ ಕಾಯಿಗೆ ತಾಗಲಿ ಎಂದು. "ಅಟ್ಟದ ತುಂಬ ಕಾಯಿ ಇದ್ರೆ ಮನೆ ಕಂಬ್ಳಿ ಹೊದ್ದಂಗೆ ಕಣೇ" ಎನ್ನುತ್ತಿದ್ದಳು ಅಜ್ಜಿ, ಅಪ್ಪನ ತಾಯಿ. ತೆಂಗಿಗೆ ನುಸಿ ಬಿದ್ದ ವರ್ಷ ಆ ಕಂಬಳಿ ಹೋಯಿತು. ಕಾಯಿಗಳು ಮೈಯೆಲ್ಲ ಕಂದು ಬಣ್ಣಕ್ಕೆ ತಿರುಗಿ, ಬಿರುಕು ಬಿಟ್ಟು, ಮುಷ್ಟಿಗಾತ್ರಕ್ಕೇ ನಿಂತುಹೋದವು. ಅಷ್ಟು ದೊಡ್ಡ ಅಟ್ಟದಲ್ಲಿ ಒಂದು ಮೂಲೆಗೆ ಮಾತ್ರ ಗುಡ್ಡೆ. ದೀಪಾವಳಿ ಕಳೆದದ್ದೇ ತಡ, ಹೆಂಚಿನ ಸಂದಿಯಿಂದ ಇಳಿದ ಚಳಿ ಬರಿದಾದ ಅಟ್ಟದಲ್ಲೆಲ್ಲ ಓಡಾಡಿ, ದಬ್ಬೆಗಳ ನಡುವಿನಿಂದ ಮಲಗಿದವರ ಮುಖದ ಮೇಲೆ ಸುರಿಯತೊಡಗಿತು.

ಬೇರೆ ವರ್ಷವಾಗಿದ್ದರೆ ಇನ್ನೊಂದು ಹೊದಿಕೆ ಎಳೆದುಕೊಂಡು ಮಲಗುತ್ತಿದ್ದೆವು. ಆದರೆ ಆ ಚಳಿಗಾಲಕ್ಕೆ ಗಿರಿಜತ್ತೆಯ ಹೆರಿಗೆಯಿತ್ತು. ಗಿರಿಜತ್ತೆ ಅಪ್ಪನ ಒಬ್ಬಳೇ ತಂಗಿ, ದಬ್ಬೇಘಟ್ಟಕ್ಕೆ ಕೊಟ್ಟ ಹೆಣ್ಣು. ಎರಡು ವರ್ಷದ ಹಿಂದೆ ಚೊಚ್ಚಲ ಹೆರಿಗೆಗೂ ಇಲ್ಲಿಗೇ ಬಂದಿದ್ದಳು. ಗಂಡು ಮಗು. ಧನುರ್ಮಾಸದಲ್ಲಿ, ಒಂಬತ್ತನೆಯ ದಿನ ಬೆಳಿಗ್ಗೆ ಅವಳು ಪಕ್ಕಕ್ಕೆ ಕೈಯಿಟ್ಟು ನೋಡಿದಾಗ ಅದು ತಣ್ಣಗಾಗಿತ್ತು. ಥಂಡಿ ಹೊಡೆದು ಹೋಯಿತು ಎಂದರು. ಬಾಣಂತಿ ಕೋಣೆಯ ಮೇಲಿನ ಒಂದು ಹೆಂಚು ಒಡೆದಿದ್ದನ್ನು ತಾನು ನೋಡಲಿಲ್ಲವೆಂದು ಅಜ್ಜಿ ಹಣೆ ಹಣೆ ಚಚ್ಚಿಕೊಂಡಳು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಆ ಮಗುವಿನ ಮಾತೆತ್ತಲಿಲ್ಲ, 'ಆ ಸಲ' ಎಂದಷ್ಟೇ ಹೇಳುತ್ತಿದ್ದರು. ಅಟ್ಟ ತುಂಬಿದ್ದಾಗಲೇ ಒಂದು ಕೂಸು ಹೋಗಿತ್ತು, ಈಗ ಅಟ್ಟವೂ ಬರಿದು. ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗಿರಿಜತ್ತೆ ಸುಮ್ಮನೆ ಮೇಲೆ ನೋಡುತ್ತ ಕೂತಿರುತ್ತಿದ್ದಳು. ನನಗಾಗ ಹನ್ನೊಂದು ವರ್ಷ. ಚಳಿಯೆಂದರೆ ನಮ್ಮ ಮನೆಯ ಸುತ್ತ ಸುತ್ತುತ್ತ, ಒಳಗೆ ನುಗ್ಗಲು ತೂತು ಹುಡುಕುತ್ತಿರುವ ಯಾರೋ ಎಂದೇ ನಂಬಿದ್ದೆ. ಸಂಜೆ ಹಿತ್ತಿಲಿಗೆ ಹೋಗಲೂ ಹೆದರುತ್ತಿದ್ದೆ.

ಬಡಗಿಯನ್ನು ಕರೆಸಿ ಆ ಕೋಣೆಯ ಮೇಲಾದರೂ ಹಲಗೆ ಹೊಡೆಸು ಎಂದು ಅಜ್ಜಿ ಅಪ್ಪನ ಹಿಂದೆ ಬಿದ್ದಳು. "ಎಲ್ಲಿಂದ ತರ್ಲವ್ವ? ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು" ಎಂದ ಅಪ್ಪ. ಅದು ಅವನ ಬಾಯಿಪಾಠ. ಅಜ್ಜಿ ಬಿಡುವವಳಲ್ಲ. "ನೀನು ಹೆಂಗಾರ ಚಾಚ್ಕಳ್ಲಾ. ಬಾಣಂತಿ ಕಾಲು ಮಡಚ್ಕಂಡು ಮಲಗಕ್ಕಾಯ್ತದಾ? ಕಾಸಿಲ್ದೆ ಮನೆ ಬೆಚ್ಚಗೆ ಮಾಡದು ನಂಗೊತ್ತು ಬುಡು." ಗೊತ್ತೂ ಇತ್ತು. ಹುಳಿಯಾರು ಕಡೆಯ ಹಟ್ಟಿಯವರು ನಮ್ಮ ತೋಟದಲ್ಲಿ ಕುರಿಮಂದೆ ನಿಲ್ಲಿಸಿದ್ದಾಗ ಒಂದು ಹೊರೆ ಕಾಯಿ ಕೊಟ್ಟು ಅವರಿಂದ ಹಳೆಯ ಕರಿಕಂಬಳಿಯೊಂದನ್ನು ಈಸಿಕೊಂಡಳು. ಸವೆದ ಸೀರೆಗಳನ್ನು ಪದರ ಪದರ ಹಾಕಿ ಹೊದಿಕೆ ಹೊಲಿದಳು. ತೆಂಗಿನ ನಾರನ್ನು ನೆನೆಹಾಕಿ, ಸಗಣಿ, ಕೆಮ್ಮಣ್ಣಿನ ಜೊತೆ ಕಲಸಿ ಗೋಡೆಯ ಬಿರುಕುಗಳಿಗೆ ಮೆತ್ತಿದಳು. ಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ತೊಳೆದು, ದಬ್ಬಳದಲ್ಲಿ ಒಂದಕ್ಕೊಂದು ಸೇರಿಸಿ ಕೋಣೆಯಗಲದ ಹಾಸು ಮಾಡಿದಳು. ಚಿಪ್ಪು ಸುಟ್ಟು ಇದ್ದಿಲು ಮಾಡಿ ಮೂರು ಗುಡಾಣ ತುಂಬಿಸಿಟ್ಟಳು. ಎಲ್ಲವೂ ಮನೆಯದೇ, ತೋಟದ್ದೇ. ಅವಳ ಬೆರಳುಗಳು ಆ ಕಾರ್ತಿಕದಲ್ಲಿ ಒಂದು ಗಳಿಗೆ ಸುಮ್ಮನಿದ್ದದ್ದನ್ನು ನಾನು ಕಾಣೆ.

ಚೀಲದ ಹಾಸನ್ನು ಅಟ್ಟದ ಮೇಲೆ ಹರಡಿದವಳು ನಾನು. ದೊಡ್ಡವರು ಕಾಲಿಟ್ಟರೆ ಆ ಹಳೆಯ ದಬ್ಬೆ ಮುರಿಯುತ್ತಿತ್ತು, ನಾನೋ ಒಣಕಲಿ. ಕೆಳಗೆ ಕೋಣೆಯಲ್ಲಿ ಅಜ್ಜಿ ಎಣ್ಣೆದೀಪ ಹಿಡಿದು ನಿಲ್ಲುತ್ತಿದ್ದಳು. ಕುಡಿ ಎತ್ತ ಬಾಗಿತೋ ಅದರ ಎದುರು ದಿಕ್ಕಿನಲ್ಲಿ ಸಂದು ಇದೆಯೆಂದು ಲೆಕ್ಕ. "ಬಲಕ್ಕೆ, ತೊಲೆ ತಾವ. ಸೂಜಿ ತೂರೋ ಸಂದಾದ್ರೂ ಸಾಕು, ಚಳಿ ಒಳಕ್ಕೆ ಬತ್ತದೆ ಕಣೇ ಶೈಲ" ಎಂದು ಕೆಳಗಿನಿಂದ ಕೂಗುವಳು. ನಾನು ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಅಲ್ಲಿಗೆ ನಾರು ತುರುಕುವೆ. ಧೂಳು, ಜೇಡರ ಬಲೆ, ಕಣ್ಣಿಗೆ ಬೀಳುವ ಹೆಂಚಿನ ಮರಳು. ಹೆದರಿಕೆಯಿಂದಲೇ ಆ ಕೆಲಸ ಮಾಡಿದೆ. ಹೆದರಿದವರ ಕೆಲಸ ಅಚ್ಚುಕಟ್ಟಾಗಿರುತ್ತದೆ. ನಾಲ್ಕನೆಯ ದಿನ ಅಜ್ಜಿ ಕೋಣೆಯ ನಾಲ್ಕೂ ಮೂಲೆಗೆ ದೀಪ ಹಿಡಿದಳು. ಕುಡಿ ಅಲ್ಲಾಡಲಿಲ್ಲ. ಗೆರೆ ಎಳೆದಂತೆ ನೆಟ್ಟಗೆ ನಿಂತಿತು. ಅಜ್ಜಿ ನನ್ನನ್ನು ಏಣಿಯಿಂದ ಇಳಿಸಿಕೊಂಡು, ಧೂಳುಮುಖಕ್ಕೇ ಮುತ್ತಿಟ್ಟು, ಗಿರಿಜತ್ತೆಯನ್ನು ಕರೆದು ತೋರಿಸಿದಳು. ಎಷ್ಟೋ ತಿಂಗಳ ಮೇಲೆ ಅತ್ತೆ ನಕ್ಕಿದ್ದನ್ನು ಅವತ್ತು ನೋಡಿದೆ.

ಹೆರಿಗೆ ತಿಪಟೂರಿನ ಆಸ್ಪತ್ರೆಯಲ್ಲಾಯಿತು. ಹೆಣ್ಣು ಮಗು, ಅಂಗೈಯಷ್ಟು ಮುಖ. ಮನೆಗೆ ಕರೆತಂದ ದಿನದಿಂದ ಅಜ್ಜಿ ಆ ಕೋಣೆ ಬಿಟ್ಟು ಏಳಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಾನು ಓಡಿಹೋಗಿ ಗೋಡೆಗೆ ಕಿವಿಯಿಡುತ್ತಿದ್ದೆ, ಮಗು ಅತ್ತರೆ ಮಾತ್ರ ಹಲ್ಲುಜ್ಜಲು ಹೋಗುತ್ತಿದ್ದೆ. ಏಳು, ಎಂಟು. ಒಂಬತ್ತನೆಯ ದಿನ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ, ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಹತ್ತನೆಯ ದಿನವೂ ಮಗು ಕೈಕಾಲು ಆಡಿಸಿತು. ಅಜ್ಜಿ ನನ್ನ ಬಾಯಿಗೆ ಬೆಲ್ಲ ಹಾಕಿದಳು.

ಹನ್ನೆರಡನೆಯ ದಿನ ಭಾನುವಾರ. ಬೆಳಗಾಗಿ ಎಷ್ಟು ಹೊತ್ತಾದರೂ ಮಂಜು ಸರಿದಿರಲಿಲ್ಲ. ಅಂಗಳದಲ್ಲಿದ್ದ ತೆಂಗಿನ ಮರದ ಬುಡವೇ ಕಾಣುತ್ತಿರಲಿಲ್ಲ. ಅಮ್ಮ ಬಾಣಂತಿಗೆ ಎಣ್ಣೆನೀರು ಎರೆದು, ತಲೆಗೆ ಬಟ್ಟೆ ಬಿಗಿದು ಮಂಚದ ಮೇಲೆ ಮಲಗಿಸಿದಳು. ಬೆವರಲೆಂದು ಮಂಚದ ಕೆಳಗೆ ಕೆಂಡದ ಬಾಂಡಲಿ ಇಡುವುದು ದಿನದ ಪದ್ಧತಿ. ಬೇರೆ ದಿನ ಅಮ್ಮ ನೀರು, ಬಟ್ಟೆ ಎಂದು ಒಳಗೂ ಹೊರಗೂ ಓಡಾಡುತ್ತಿದ್ದಳು, ಅರ್ಧ ಗಳಿಗೆಗೆ ಬಾಂಡಲಿ ಹೊರಗೆ ಬರುತ್ತಿತ್ತು. ಅವತ್ತು ಅವಳು ಬಟ್ಟೆಯ ಗಂಟು ಹೊತ್ತು ತೋಟದ ಪಂಪ್‌ಹೌಸಿಗೆ ಹೋದಳು, ಅಪ್ಪನೂ ಅಲ್ಲೇ ಇದ್ದ. "ಇವತ್ತು ಚಳಿ ಜಾಸ್ತಿ ಐತೆ, ಇನ್ನೊಂದೀಟು ಕೆಂಡ ತಾ ಶೈಲ" ಎಂದಳು ಅಜ್ಜಿ. ತಂದುಕೊಟ್ಟೆ. ಹೊಸ್ತಿಲ ಸಂದಿಗೆ ಕರಿಕಂಬಳಿಯನ್ನು ಸುರುಳಿ ಸುತ್ತಿ ಒತ್ತಿದಳು. "ನಾನು ಕೂಗೋಗಂಟ ಬಾಗ್ಲು ತೆಗೀಬ್ಯಾಡ. ಯಾರ್ನೂ ಬುಡಬ್ಯಾಡ. ಗಾಳಿ ಬತ್ತದೆ." ನಾನು ಹೊರಗಿನಿಂದ ಚಿಲಕ ಹಾಕಿ, ಬಾಗಿಲಿಗೆ ಬೆನ್ನುಕೊಟ್ಟು ಕಾವಲು ಕೂತೆ.

ಒಳಗೆ ಅಜ್ಜಿ ಜೋಗುಳ ಗುನುಗುತ್ತಿದ್ದಳು. ಅದು ನಿಧಾನವಾಯಿತು, ನಿಂತಿತು. ತೂಕಡಿಸಿದಳು ಅಂದುಕೊಂಡೆ. ಬಹಳ ಹೊತ್ತಿನ ಮೇಲೆ ಮಗು ಬೆಕ್ಕಿನ ಮರಿಯಂತೆ ಸಣ್ಣಗೆ ಕುಂಯ್ ಅಂದಿತು. ಇನ್ನೊಂದು ಸಲ ಅಂದಿತು. ಆಮೇಲೆ ಇಲ್ಲ. "ಅಜ್ಜೀ" ಎಂದೆ. ಮಾತಿಲ್ಲ. "ಅತ್ತೇ" ಎಂದೆ. ಮಾತಿಲ್ಲ. ಎದ್ದು ಚಿಲಕಕ್ಕೆ ಕೈಯಿಟ್ಟೆ, ತೆಗೆಯಲಾಗಲಿಲ್ಲ. ತೆಗೆದರೆ ಚಳಿ ಒಳಗೆ ನುಗ್ಗುತ್ತದೆ, ಮಗು ಆ ಸಲದ ಹಾಗೆ ತಣ್ಣಗಾಗುತ್ತದೆ, ಕೊಂದವಳು ನಾನಾಗುತ್ತೇನೆ. ಅಂಗಳಕ್ಕೆ ಹೋಗಿ ಅಮ್ಮ ಬರುತ್ತಾಳೇನೋ ನೋಡಿದೆ. ಮತ್ತೆ ಬಂದು ಬಾಗಿಲ ಮುಂದೆ ನಿಂತೆ. ಮತ್ತೆ ಅಂಗಳಕ್ಕೆ ಹೋದೆ. ಎಷ್ಟು ಹೊತ್ತು ಹಾಗೆ ಮಾಡಿದೆನೆಂದು ಹೇಳಲು ಮನೆಯಲ್ಲಿ ಗಡಿಯಾರವಿರಲಿಲ್ಲ. ಮೊದಲ ಸಲ ಹೋದಾಗ ಆ ತೆಂಗಿನ ಬುಡವೂ ಕಾಣುತ್ತಿರಲಿಲ್ಲ. ಕೊನೆಗೆ ನಾನು ಚಿಲಕ ಎಳೆಯುವ ಹೊತ್ತಿಗೆ ಮಂಜು ಸರಿದು ಗರಿಗಳವರೆಗೂ ಮರ ಕಾಣುತ್ತಿತ್ತು.

ಒಳಗಿನಿಂದ ಕಾವು ಮುಖಕ್ಕೆ ರಾಚಿತು. ಹೊಗೆಯಿಲ್ಲ, ಏನೂ ಇಲ್ಲ. ಮಂಚದ ಪಕ್ಕ ಗೋಡೆಗೊರಗಿ ಅಜ್ಜಿ ತಲೆ ಬಾಗಿಸಿಕೊಂಡು ಕೂತಿದ್ದಳು. ಅತ್ತೆಯ ಮುಖ ಕೆಂಪೇರಿತ್ತು, ಕಣ್ಣು ಅರೆ ತೆರೆದಿತ್ತು, ತುಟಿ ಅಲುಗಿತೇ ಹೊರತು ದನಿ ಬರಲಿಲ್ಲ. ಮಗುವನ್ನು ಬಾಚಿಕೊಂಡು ಹೊರಗೆ ಓಡಿದೆ. ಯಾವ ಚಳಿಯಿಂದ ಅದನ್ನು ಕಾಯಲು ಅಷ್ಟೆಲ್ಲ ಮಾಡಿದ್ದೆವೋ ಅದೇ ಚಳಿಯ ನಡುವೆ ನಿಂತು ಕಿರುಚಿಕೊಂಡೆ. ಒದ್ದೆ ಬಟ್ಟೆಯಲ್ಲೇ ಅಮ್ಮ ಓಡಿಬಂದಳು, ಹಿಂದೆ ಅಪ್ಪ. ಅತ್ತೆಯನ್ನು ಅಂಗಳಕ್ಕೆ ಹೊತ್ತು ತಂದರು. ನನ್ನ ಕೈಯಲ್ಲಿ ಬಟ್ಟೆಯ ಗೊಂಬೆಯಂತೆ ಜೋತುಬಿದ್ದಿದ್ದ ಮಗು ಒಮ್ಮೆ ಮುಖ ಕಿವುಚಿತು, ಇನ್ನೊಮ್ಮೆ ಕಿವುಚಿತು, ಆಮೇಲೆ ಬಾಯಿ ತೆರೆದು ಜೋರಾಗಿ ಅತ್ತಿತು. ಅತ್ತೆ ವಾಂತಿ ಮಾಡಿಕೊಂಡು ಕಣ್ಣು ತೆರೆದಳು. ಅಜ್ಜಿಯನ್ನೂ ತಂದು ಮಲಗಿಸಿದರು, ಅಮ್ಮ ಮುಖಕ್ಕೆ ನೀರು ಚಿಮುಕಿಸಿದಳು, ಅಪ್ಪ ಅಂಗಾಲು ತಿಕ್ಕಿದ. ಅವಳು ಏಳಲಿಲ್ಲ.

ಹೊನ್ನವಳ್ಳಿಯಿಂದ ಸ್ಕೂಟರಿನಲ್ಲಿ ಬಂದ ಡಾಕ್ಟರು ಬಾಂಡಲಿಯನ್ನು ನೋಡಿದರು, ಬಾಗಿಲನ್ನು ನೋಡಿದರು. "ಕೆಂಡ ಒಳಗಿಟ್ಕೊಂಡು ಬಾಗ್ಲು ಹಾಕ್ಕೊಂಡ್ರೆ ಉಸಿರು ಕಟ್ಟದೆ ಇನ್ನೇನಾಗುತ್ರೀ" ಎಂದರು. ಆದರೆ ನಾನೂ ಅದೇ ಕೋಣೆಯಲ್ಲಿ, ಅದೇ ಮುಚ್ಚಿದ ಬಾಗಿಲ ಹಿಂದೆ, ಅಂಥದೇ ಕೆಂಡದ ಕಾವಿನಲ್ಲಿ ಬೆಳೆದ ಕೂಸು. ಗಿರಿಜತ್ತೆಯೂ, ಅಪ್ಪನೂ. ನಮಗ್ಯಾರಿಗೂ ಏನೂ ಆಗಿರಲಿಲ್ಲ, ಏಕೆಂದರೆ ಅಟ್ಟದ ದಬ್ಬೆಗಳ ನಡುವೆ ಸಂದು ಇತ್ತು. ಇದು ಡಾಕ್ಟರಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು. ಅಪ್ಪನಿಗೂ ತಿಳಿಯಿತು. ಅಜ್ಜಿಯನ್ನು ತೋಟದಲ್ಲಿ ಮಣ್ಣು ಮಾಡಿ ಬಂದ ಮರುದಿನ ಅವನೇ ಅಟ್ಟ ಹತ್ತಿ, ಎರಡು ದಬ್ಬೆ ಮುರಿದುಕೊಂಡು, ಆ ಚೀಲದ ಹಾಸನ್ನೆಲ್ಲ ಎಳೆದು ಕೆಳಗೆ ಹಾಕಿದ. ಏಣಿಯ ಬುಡದಲ್ಲಿ ನಿಂತಿದ್ದ ನನ್ನನ್ನು ನೋಡಿದ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವನು ನನ್ನ ತಲೆಯ ಮೇಲಿನ ಧೂಳು ಕೊಡವಿ ಒಳಗೆ ಹೋದ.

ಆ ಮನೆ ಈಗಿಲ್ಲ. ಗೋಡೆ ಕುಸಿಯತೊಡಗಿದ ಮೇಲೆ ಇಳಿಸಿ ತಾರಸಿ ಕಟ್ಟಿದರು. ಕಾಯಿಗೆ ತೋಟದಲ್ಲಿ ಬೇರೆ ಶೆಡ್ ಆಯಿತು. ತಲೆಯ ಮೇಲೆ ಒಂದು ವರ್ಷದ ಬೆಳೆಯನ್ನಿಟ್ಟುಕೊಂಡು ಮಲಗುವ ಮನೆಗಳು ನಮ್ಮ ಸೀಮೆಯಲ್ಲಿ ಎಷ್ಟು ಉಳಿದಿವೆಯೋ ನಾನರಿಯೆ. ಒಣಗಿದ ಕೊಬ್ಬರಿ ಚಿಪ್ಪಿನೊಳಗೆ ಗಡಗಡ ಅನ್ನುವ ಸದ್ದು, ಇಲಿ ಓಡಿದರೆ ಉರುಳುವ ಕಾಯಿ, ಅದನ್ನು ಕೆಳಗಿನಿಂದಲೇ ಗದರಿಸುವ ಅಜ್ಜಿ, ಇವೆಲ್ಲ ನನ್ನ ಜೊತೆಗೇ ಮುಗಿಯುತ್ತವೆ.

ಮಗುವಿಗೆ ಅಜ್ಜಿಯ ಹೆಸರನ್ನೇ ಇಟ್ಟರು, ಗಂಗಾ. ಹೋದ ವರ್ಷ ಅವಳೇ ಬಾಣಂತಿ. ನೋಡಲು ದಬ್ಬೇಘಟ್ಟಕ್ಕೆ ಹೋಗಿದ್ದೆ. ಗಿರಿಜತ್ತೆಗೆ ಈಗ ತಲೆ ನರೆತಿದೆ. ಮೊಮ್ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಮಗಳ ಕಡೆ ತಿರುಗಿ, ಎಷ್ಟನೆಯ ಸಲವೋ ಅದೇ ಕಥೆ ಹೇಳಿದಳು. "ಇವಳೇ ಕಣೇ ನಿನ್ನ ಉಳಿಸ್ದೋಳು. ನೀನು ಕುಂಯ್ ಅಂದಿದ್ದು ನಂಗೆ ಕೇಳ್ತು, ಕೂಗನ ಅಂದ್ರೆ ಬಾಯೇ ಬರ್ನಿಲ್ಲ. ಅಷ್ಟೊತ್ಗೆ ನಮ್ ಶೈಲ ಬಾಗ್ಲು ತೆಗುದ್ಲು ನೋಡು. ಒಂದು ಗಳಿಗೆನೂ ತಡ ಮಾಡ್ನಿಲ್ಲ. ಅಲ್ವೇನೇ ಶೈಲ?" ಗಂಗಾ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಬೆಚ್ಚಗಿತ್ತು. ಮಗುವಿನ ಕಿವಿಯ ಮೇಲಿನ ಬಟ್ಟೆ ಸರಿಮಾಡುತ್ತ "ಹೂಂ ಅತ್ತೆ" ಎಂದೆ. ಅಜ್ಜಿ ಇದ್ದಿದ್ದರೆ ಅವಳೊಬ್ಬಳಿಗೆ ನಿಜ ಹೇಳಿಬಿಡುತ್ತಿದ್ದೆ.