ಒಟ್ಟು ಎಷ್ಟು, ಕೇಳು

ಎಂಬಿಎ ಪ್ರವೇಶ ಪರೀಕ್ಷೆಗೆ ಪಾಠ ಹೇಳುವ ಹೊರಮಾವಿನ ಕೆಂಪರಾಜ್ ಮೇಷ್ಟ್ರಿಗೆ ಶೇಕಡಾ ಪ್ರಶ್ನೆ ಸಿಕ್ಕರೆ, ಹಾಡು ಕೇಳುವವರ ಹಾಗೆ ಕಣ್ಣು ಅರೆಮುಚ್ಚುತ್ತದೆ. "ಪಾಲು ಇಳೀತು ಅಂದ್ರೆ ಸಂಖ್ಯೆ ಇಳೀತು ಅಂತಲ್ಲ ಮಗಾ, ಒಟ್ಟು ಬೆಳೆದಿರಬಹುದು. ಒಟ್ಟು ಎಷ್ಟು, ಕೇಳು!" ಶಿವಾಜಿನಗರದ ಬಟ್ಟೆ ಅಂಗಡಿಯವನು ಅರ್ಧ ರೇಟು ಅಂದರೂ, "ಯಾವುದರ ಅರ್ಧ ಸ್ವಾಮಿ?" ಅನ್ನುತ್ತಾರೆ. ಅರ್ಧ ಮೋಡ ಕವಿದರೆ, ಆಕಾಶ ಒಟ್ಟು ಎಷ್ಟು ಅಂತ ಯೋಚಿಸುತ್ತಾ ನಡುರಸ್ತೆಯಲ್ಲೇ ನಿಂತುಬಿಡುತ್ತಾರೆ. ಆಟೋದವರು ಹಾರ್ನ್ ಹೊಡೆದು ಎಬ್ಬಿಸಬೇಕು. ಸಂಜೆ ತಾಯಿ ದೊಡ್ಡಮುನಿಯಮ್ಮನವರ ಜೊತೆ ಮನೆ ಗೇಟಿನ ಬಳಿ ಕೂರುತ್ತಾರೆ. ಎದುರಿನ ಹೊಸ ಅಪಾರ್ಟ್‌ಮೆಂಟಿನ ಜನ ಸಾಲಾಗಿ ಹೋಗುತ್ತಾರೆ, ಒಬ್ಬರೂ ನಿಂತು ಮಾತಾಡಿಸುವುದಿಲ್ಲ. "ನಮ್ಮೋರೆಲ್ಲ ಎಲ್ಲೋದ್ರೋ?" ಅನ್ನುತ್ತಾರೆ ಆಕೆ. ಆಕೆಯ ಓರಗೆಯವರ ಚಟ್ಟಕ್ಕೆಲ್ಲ ಹೆಗಲು ಕೊಟ್ಟಿರುವ ಮೇಷ್ಟ್ರು ಕಣ್ಣು ಅರೆಮುಚ್ಚಿ ಹೇಳುತ್ತಾರೆ: "ಯಾರೂ ಕಮ್ಮಿ ಆಗಿಲ್ಲಮ್ಮ, ಊರು ದೊಡ್ಡದಾಗಿದೆ ಅಷ್ಟೆ."