ಹೂಜಿ ಗಿಡಗಳೂ ಮಜ್ಜಿಗೆಯ ಚೆಂಬೂ

ನನಗೆ ಜಂಬ ಹೆಚ್ಚು ಎಂದು ನನ್ನ ಹೆಂಡತಿ ಕೊನೆಯವರೆಗೂ ಹೇಳುತ್ತಿದ್ದಳು. ಇರಲಿ. ಊಟಿಯ ಗುಡ್ಡದ ಮೇಲಿನ ಆ ಬಂಗಲೆಯಲ್ಲಿ ಗಾಜಿನ ಮನೆಯನ್ನು ಹದಿನೆಂಟು ವರ್ಷ ನೋಡಿಕೊಂಡವನು ನಾನು. ಹೊರಗೆ ಹಿಮ ಬಿದ್ದು ಆಲೂಗೆಡ್ಡೆಯ ಎಲೆಯೆಲ್ಲ ಕರಕಲಾಗುವ ದಿನಗಳಲ್ಲೂ ಒಳಗೆ ಹೂಜಿ ಗಿಡಗಳನ್ನು ಬದುಕಿಸಿದವನು. ಇಷ್ಟು ಮಾಡಿದವನಿಗೆ ಸ್ವಲ್ಪ ಜಂಬ ಬೇಡವೇ?

ಹೂಜಿ ಗಿಡ ಕಾಣದವರಿಗೆ ಹೇಳಿಬಿಡುತ್ತೇನೆ. ಅದರ ಎಲೆಯ ತುದಿಯಿಂದ ಒಂದು ಕುಡಿ ಇಳಿಯುತ್ತದೆ. ಆ ಕುಡಿಯ ತುದಿ ಉಬ್ಬುತ್ತಾ ಉಬ್ಬುತ್ತಾ ಮುಚ್ಚಳವಿರುವ ಪುಟ್ಟ ಹೂಜಿಯಾಗುತ್ತದೆ. ಅಂಚಿನಲ್ಲಿ ಕಾಲು ಜಾರಿದ ನೊಣ, ಇರುವೆ ಒಳಗಿನ ನೀರಿನಲ್ಲಿ ಕರಗಿ ಗಿಡದ ಹೊಟ್ಟೆ ಸೇರುತ್ತವೆ. ಬಂಗಲೆಯ ಒಡತಿ, ನಮ್ಮ ಇಂಗ್ಲಿಷ್ ದೊರೆಸಾನಿ, ಇವನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು ಹಡಗಿನಲ್ಲಿ ತರಿಸಿದ್ದರು. ಆಗ ಊಟಿಗೆ ರೈಲು ಬಂದ ಹೊಸತು. ನಿಲ್ದಾಣದಿಂದ ಆ ಪೆಟ್ಟಿಗೆಯನ್ನು ಗಾಡಿಗೆ ಹಾಕಲು ನಾನು ಬಿಡಲಿಲ್ಲ. ನಾಲ್ಕು ಜನ ಹೆಗಲ ಮೇಲೆ ಹೊತ್ತು ತಂದೆವು.

ನಾನು ಗುಂಡ್ಲುಪೇಟೆ ಕಡೆಯವನು. ರಾಗಿ ಗಾಡಿಯ ಹಿಂದೆ ನಡೆದು, ಮಸಿನಗುಡಿಯಲ್ಲಿ ಒಂದು ರಾತ್ರಿ ತಂಗಿ, ಸೀಗೂರು ಘಾಟಿ ಹತ್ತಿ ಬಂದವನು. ಅಕ್ಷರ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಕುಂಡಗಳಿಗೆ ಹೆಸರಿನ ಪಟ್ಟಿ ಬರೆಯಲು ಇಟ್ಟುಕೊಂಡರು. ಬರೆಯುತ್ತಾ ಬರೆಯುತ್ತಾ ಗಿಡ ನೋಡಿದೆ, ನೋಡುತ್ತಾ ನೋಡುತ್ತಾ ಅವುಗಳ ಕಾಯಿಲೆ ಕಲಿತೆ. ಎಲೆ ಆನೆಕಿವಿಯಂತೆ ಅಗಲವಾಗಿ ಬೆಳೆದು ಹೂಜಿಯೇ ಬಿಡದಿದ್ದರೆ ಬೆಳಕು ಸಾಲದು. ಕುಡಿಯ ತುದಿ ಉಬ್ಬುವ ಮೊದಲೇ ಒಣಗಿದರೆ ಗಾಳಿಯಲ್ಲಿ ತೇವವಿಲ್ಲ; ಚಳಿಗೆಂದು ಬಿಸಿನೀರಿನ ಕೊಳವೆಯನ್ನು ಹೆಚ್ಚು ಕಾಯಿಸಿದ್ದಾರೆ, ನೆಲಕ್ಕೆ ನೀರು ಚಿಮುಕಿಸಬೇಕು. ಎಳೆ ಎಲೆ ಮುರುಟಿಕೊಂಡರೆ ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲಿ ಬಿಳಿ ಹಿಟ್ಟಿನ ಹುಳು ಅಡಗಿದೆ. ಬೇರೆ ಬಂಗಲೆಗಳಿಂದಲೂ ನನಗೆ ಕರೆ ಬರುತ್ತಿತ್ತು. ಹೋದ ಕಡೆಯಲ್ಲೆಲ್ಲ ನನ್ನ ಮೊದಲ ಪ್ರಶ್ನೆ ಒಂದೇ: "ನೀರು ಎಲ್ಲಿಂದ ಹಾಕ್ತೀರಿ?" ಹೂಜಿ ಗಿಡಕ್ಕೆ ಮಳೆನೀರೇ ಆಗಬೇಕು; ಬಾವಿಯ ಗಡಸು ನೀರು ಅದರ ಬೇರಿಗೆ ಆಗದು. ಎಷ್ಟೋ ಕಡೆ ಕಾಯಿಲೆಯ ಅರ್ಧ ಆ ಉತ್ತರದಲ್ಲೇ ಸಿಕ್ಕಿಬಿಡುತ್ತಿತ್ತು.

ನಮ್ಮ ಗಾಜಿನ ಮನೆಯ ಸೂರಿನ ನೀರೆಲ್ಲ ಒಳಗಿದ್ದ ಇಟ್ಟಿಗೆಯ ತೊಟ್ಟಿಗೆ ಬಂದು ಬೀಳುತ್ತಿತ್ತು. ಆ ತೊಟ್ಟಿಯಿಂದ ಕುಂಡಗಳಿಗೆ ನೀರು ಹೊರುತ್ತಿದ್ದವಳು ಕೆತ್ತಿ ಊರಿನ ಕಡೆಯ ಹಟ್ಟಿಯ ಒಬ್ಬಳು, ನೀಲಗಿರಿಯ ಬಡಗರ ಹೆಂಗಸು. ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ತಮ್ಮ ಎನ್ನುತ್ತಿದ್ದಳು. ದಿನಾ ಮನೆಯಿಂದ ಎಮ್ಮೆ ಮಜ್ಜಿಗೆಯ ಚೆಂಬು ತಂದು ಕುಂಡಗಳ ನಡುವೆ ಹಲಗೆಯ ಮೇಲೆ ಇಡುವಳು. ನನಗೂ ಅರ್ಧ ಕೊಡುವಳು. "ಹುಳು ತಿಂಬ ಗಿಡ, ಪಾಪ. ಇದಕ್ಕೂ ಒಂದು ತೊಟ್ಟು ಹಾಕಲಾ?" ಎಂದು ಚೆಂಬನ್ನು ಹೂಜಿಯ ಬಾಯಿಗೆ ಹಿಡಿದು ನನ್ನನ್ನು ರೇಗಿಸುವಳು. ನಾನು ಹಾಂ ಹಾಂ ಎಂದು ಓಡಿಬರಬೇಕು, ಅವಳು ನಗಬೇಕು. ಇದು ನಮ್ಮ ನಿತ್ಯದ ಆಟ.

ಒಂದು ವರ್ಷ ಯುಗಾದಿಗೆ ನಾನು ಬಂಗಲೆಯ ಹಿತ್ತಲಲ್ಲಿದ್ದ ನನ್ನ ಮನೆಗೆ ಸುಣ್ಣ ಬಳಿದೆ. ನಮ್ಮ ಕಡೆ ಯುಗಾದಿಗೆ ಸುಣ್ಣ ಕಾಣದ ಗೋಡೆ ಎಂದರೆ ಮನೆಯವರಿಗೇ ನಾಚಿಕೆ. ಕೈಯಲ್ಲಿ ಸುಣ್ಣ ಇನ್ನೂ ಮಿಕ್ಕಿತ್ತು. ಗಾಜಿನ ಮನೆಯನ್ನೂ ಬಿಡಬಾರದೆಂದು ಕುಂಡಗಳ ಕಟ್ಟೆಗೆ ಬಳಿದೆ. ಬೇಸಿಗೆಗೆ ತೊಟ್ಟಿ ತಳ ಕಂಡಿತ್ತು. ಅದನ್ನು ತಿಕ್ಕಿ ತೊಳೆದು ಒಳಗೂ ಹೊರಗೂ ಎರಡೆರಡು ಕೈ ಬಳಿದು, ದೂರ ನಿಂತು ನೋಡಿ ಖುಷಿಪಟ್ಟೆ. ಹಬ್ಬ ಮುಗಿದ ವಾರಕ್ಕೆ ಒಳ್ಳೆಯ ಮಳೆ ಬಂದು ತೊಟ್ಟಿ ತುಂಬಿತು.

ಮೇ ತಿಂಗಳ ಹೂವಿನ ಪ್ರದರ್ಶನ ಹತ್ತಿರವಾಗುವ ಹೊತ್ತಿಗೆ ಗಿಡಗಳ ಬಣ್ಣ ಕೆಟ್ಟಿತು. ಹೊಸ ಎಲೆಗಳು ಹಳದಿಗೆ ತಿರುಗಿದವು, ನರ ಮಾತ್ರ ಹಸಿರು. ಕುಡಿಗಳ ತುದಿ ಹುರುಳಿಕಾಳಿನಷ್ಟು ಉಬ್ಬಿ ಕಪ್ಪಾಗಿ ನಿಂತುಬಿಟ್ಟವು. ಇದ್ದ ಹೂಜಿಗಳು ಒಂದೊಂದಾಗಿ ಬಾಡಿದವು. ನಾನು ತೇವ ನೋಡಿದೆ, ಬೆಳಕು ನೋಡಿದೆ, ಎಲೆಯ ಕಂಕುಳಲ್ಲಿ ಹುಳು ಹುಡುಕಿದೆ. ಎಲ್ಲವೂ ಸರಿಯಾಗಿತ್ತು. ಊರಿನವರ ಗಿಡಕ್ಕೆಲ್ಲ ಮದ್ದು ಹೇಳಿದ ನನಗೆ ನನ್ನ ಗಿಡದ ಕಾಯಿಲೆ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ದೊರೆಸಾನಿ ಬಂದರು. ಕುಂಡಗಳನ್ನು ನೋಡಿದರು, ಹಲಗೆಯ ಮೇಲಿದ್ದ ಮಜ್ಜಿಗೆಯ ಚೆಂಬನ್ನೂ ನೋಡಿದರು. ಅಕ್ಕ ಚೆಂಬನ್ನು ಹೂಜಿಗೆ ಹಿಡಿಯುವ ಆಟವನ್ನು ಅವರು ಹಿಂದೊಮ್ಮೆ ಕಿಟಕಿಯಿಂದ ಕಂಡಿದ್ದರಂತೆ. ಮುಖ ಕೆಂಪಗಾಯಿತು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಅವರು ಹೇಳಿದ್ದಿಷ್ಟು: ಇವಳು ಗಿಡಗಳಿಗೆ ಮಜ್ಜಿಗೆ ಸುರಿದಿದ್ದಾಳೆ. ಶನಿವಾರದವರೆಗೆ ಇರಲಿ, ಆಮೇಲೆ ಈ ಬಂಗಲೆಯ ಕಡೆ ಕಾಲಿಡಬಾರದು.

ಅಕ್ಕ ಅಳಲಿಲ್ಲ. ಚೆಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಹೋಗಿ ಕಲ್ಲಿನ ಮೇಲೆ ಕುಳಿತಳು. ನಾನು ಹಿಂದೆಯೇ ಹೋದೆ.

"ತಮ್ಮಾ, ನಾ ಒಂದು ತೊಟ್ಟೂ ಹಾಕಿಲ್ಲೆ. ಎನ್ನ ಮಾತ ನಂಬುವೆಯಾ?"

"ನಂಬ್ತೀನಿ ಅಕ್ಕ."

"ನೀ ನಂಬಿ ಏನು? ಅವರಿಗೆ ಹೇಳುವೆಯಾ?"

ಹೇಳಲು ನನ್ನ ಹತ್ತಿರ ಏನಿತ್ತು? ಮಜ್ಜಿಗೆ ಅಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾರೆ. ಆ ಮತ್ತೇನು ನನಗೆ ಗೊತ್ತಿರಲಿಲ್ಲ. ಅವಳ ಮನೆಯಲ್ಲಿ ಗಂಡ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ. ದುಡಿಯುವ ಕೈ ಅವಳದೊಂದೇ. ಶನಿವಾರಕ್ಕೆ ನಾಲ್ಕು ದಿನ.

ಆ ನಾಲ್ಕು ದಿನ ನಾನು ಊಟ ಮಾಡಿದ್ದು ನೆನಪಿಲ್ಲ. ಮೊದಲು ಮಜ್ಜಿಗೆಯ ಮಾತನ್ನೇ ಹಿಡಿದೆ. ಮಜ್ಜಿಗೆ ಬಿದ್ದ ಹೂಜಿ ಒಳಗಿನಿಂದ ಕೊಳೆತು ನಾರಬೇಕು. ಇಪ್ಪತ್ತು ಹೂಜಿಗಳಿಗೆ ಮೂಗು ಒಡ್ಡಿ ನೋಡಿದೆ, ಒಂದೂ ನಾರಲಿಲ್ಲ. ಕಾಯಿಲೆ ಮೇಲಿನದಲ್ಲ, ಬೇರಿನದು. ಮತ್ತೆ ಸೂರಿಗೆ ತೂಗುಹಾಕಿದ್ದ ಬುಟ್ಟಿಗಳಿಗೆ ಅವಳ ಕೈ ಎಟುಕದು. ಏಣಿ ಹಾಕಿ ನೀರು ಕೊಡುವವನು ನಾನು. ಆ ಗಿಡಗಳೂ ಹಳದಿಯೇ. ಇಡೀ ಗಾಜಿನ ಮನೆಯಲ್ಲಿ ಚೆನ್ನಾಗಿದ್ದದ್ದು ಒಂದೇ ಒಂದು ಗಿಡ, ಮೂಲೆಯದು. ಅದರ ಮೇಲಿನ ಗಾಜು ಒಡೆದು ಮಳೆ ನೇರವಾಗಿ ಕುಂಡಕ್ಕೇ ತೊಟ್ಟಿಕ್ಕುತ್ತಿದ್ದುದರಿಂದ ಅದಕ್ಕೆ ಯಾರೂ ನೀರು ಹಾಕುತ್ತಿರಲಿಲ್ಲ. ಅದರ ಮುಂದೆ ಎಷ್ಟೋ ಹೊತ್ತು ನಿಂತೆ. ಆದರೂ ಹೊಳೆಯಲಿಲ್ಲ. ತೊಟ್ಟಿಯದೂ ಅದೇ ಮಳೆನೀರಲ್ಲವೇ ಎಂದುಕೊಂಡೆ.

ಶುಕ್ರವಾರ ಮಗಳ ಹುಟ್ಟಿದ ದಿನ. ಸಂಜೆ ಬೆಳಕಿರುವಾಗಲೇ ಮಗುವನ್ನು ಮಣೆಯ ಮೇಲೆ ಕೂರಿಸಿ ಹೆಂಡತಿ ಆರತಿ ತಟ್ಟೆಗೆ ಅರಿಸಿನದ ನೀರು ಕಲಸಿದಳು.

"ಒಸಿ ಸುಣ್ಣ ತಕ್ಕೊಡಿ. ಹಬ್ಬಕ್ಕೆ ಬಳ್ದು ಮಿಕ್ಕಿದ್ದು ಆ ಕುಡಿಕೇಲದೆ ನೋಡಿ."

ಕುಡಿಕೆಯಿಂದ ಬೆರಳಲ್ಲಿ ಸುಣ್ಣ ತೆಗೆದು ತಟ್ಟೆಗೆ ಅದ್ದಿದೆ. ಹಳದಿ ನೀರು ಕೆಂಪಾಯಿತು. ಹುಟ್ಟಿದಾಗಿನಿಂದ ನೋಡಿದ ಕೆಂಪು ಅದು. ಆದರೆ ಆ ಸಂಜೆ ನನ್ನ ಬೆರಳಲ್ಲಿದ್ದ ಸುಣ್ಣ, ನಾನು ತೊಟ್ಟಿಯೊಳಗೆ ಎರಡು ಕೈ ಬಳಿದ ಸುಣ್ಣ, ಒಂದೇ ಎಂದು ತಲೆಗೆ ಬಂತು. ಅರಿಸಿನದ ಡಬ್ಬಿ ಎತ್ತಿಕೊಂಡು ಎದ್ದೆ.

"ಮಗೀಗೆ ಆರತಿ ಎತ್ತೋ ಹೊತ್ನಲ್ಲಿ ಅರಿಸ್ನ ಎತ್ಕೊಂಡು ಎಲ್ಲಿಗ್ ಹೊಂಟ್ರಿ? ನಿಮ್ಗೇನಾದ್ರೂ ತಲೆ ಕೆಟ್ಟದಾ?"

ಗಾಜಿನ ಮನೆಗೆ ಓಡಿದೆ. ಎರಡು ಬಟ್ಟಲು ತೆಗೆದುಕೊಂಡು, ಒಂದಕ್ಕೆ ಒಡೆದ ಗಾಜಿನ ಕೆಳಗೆ ನಿಂತಿದ್ದ ಮಳೆನೀರು, ಇನ್ನೊಂದಕ್ಕೆ ತೊಟ್ಟಿಯ ತಳದ ನೀರು ಹಾಕಿದೆ. ಎರಡಕ್ಕೂ ಚಿಟಿಕೆ ಅರಿಸಿನ. ಮೊದಲನೆಯದು ಹಳದಿಯಾಗಿಯೇ ಉಳಿಯಿತು. ತೊಟ್ಟಿಯದು ಕೆಂಪಾಯಿತು; ಅದರಲ್ಲಿ ಬಿದ್ದ ಮಳೆನೀರು ಸುಣ್ಣದ ನೀರಾಗಿತ್ತು.

ಎಲ್ಲರ ಮನೆಯಲ್ಲೂ ನೀರು ಎಲ್ಲಿಂದ ಎಂದು ಕೇಳಿದವನು ನನ್ನ ಮನೆಯಲ್ಲಿ ಮಾತ್ರ ಕೇಳಿರಲಿಲ್ಲ. ನನ್ನ ಕೈ ಬಿದ್ದ ತೊಟ್ಟಿಯಲ್ಲಿ ತಪ್ಪು ಇರಬಹುದೆಂಬ ಯೋಚನೆಯೇ ಬಂದಿರಲಿಲ್ಲ. ಇನ್ನೊಂದನ್ನೂ ಮುಚ್ಚಿಡದೆ ಹೇಳುತ್ತೇನೆ. ತೊಟ್ಟಿಯನ್ನು ಸದ್ದಿಲ್ಲದೆ ಕೆರೆದು ತೊಳೆದುಬಿಟ್ಟರೆ ಗಿಡ ತಾನೇ ಚೇತರಿಸಿಕೊಳ್ಳುತ್ತದೆ, ನನ್ನ ಹೆಸರೂ ಉಳಿಯುತ್ತದೆ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಗಿಡ ಚೇತರಿಸಿಕೊಳ್ಳಲು ತಿಂಗಳುಗಳು ಬೇಕು, ಅಕ್ಕನಿಗೆ ಉಳಿದದ್ದು ಒಂದು ದಿನ. ಹಾಗೆ ಯೋಚಿಸಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಶನಿವಾರ ಬೆಳಿಗ್ಗೆ ದೊರೆಸಾನಿಯನ್ನು ಗಾಜಿನ ಮನೆಗೆ ಕರೆದೆ. ಅಕ್ಕನನ್ನೂ ಒಳಗೆ ಕರೆದು ನಿಲ್ಲಿಸಿದೆ. ಅವರ ಕಣ್ಣೆದುರಿಗೆ ಎರಡು ಬಟ್ಟಲಿಗೂ ಅರಿಸಿನ ಹಾಕಿದೆ. ಕೆಂಪಾದ ಬಟ್ಟಲನ್ನು ತೋರಿಸಿ, "ಅಮ್ಮಾ, ಇದು ಸುಣ್ಣ. ಗಿಡ ಸಾಯ್ತಿರೋದು ಇದ್ರಿಂದ. ತೊಟ್ಟಿ ಒಳಗೆ ಬಳಿದೋನು ನಾನು. ಈಯಮ್ಮ ಏನೂ ಮಾಡಿಲ್ಲ" ಎಂದೆ.

ದೊರೆಸಾನಿ ಬಟ್ಟಲುಗಳನ್ನು ಒಂದರ ಪಕ್ಕ ಒಂದಿಟ್ಟು ಬೆಳಕಿಗೆ ಹಿಡಿದರು. ಬೈಯುತ್ತಾರೆಂದು ಕಾದೆ. ಅವರು ಮೂಲೆಯ ಗಿಡದವರೆಗೆ ಹೋಗಿ ನೋಡಿ ಬಂದು, ತೊಟ್ಟಿ ಖಾಲಿ ಮಾಡು ಎಂದಷ್ಟೇ ಹೇಳಿದರು. ಆಮೇಲೆ ಅಕ್ಕನ ಕಡೆ ತಿರುಗಿ ತಲೆಯನ್ನು ಸ್ವಲ್ಪ ಬಾಗಿಸಿದರು. ಒಬ್ಬ ದೊರೆಸಾನಿ ಹಟ್ಟಿಯ ಹೆಂಗಸಿಗೆ ತಲೆ ಬಾಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ವರ್ಷ ಪ್ರದರ್ಶನಕ್ಕೆ ನಮ್ಮ ಗಿಡ ಹೋಗಲಿಲ್ಲ. ಸುದ್ದಿ ಬಂಗಲೆಯಿಂದ ಬಂಗಲೆಗೆ ಹೋಯಿತು. ಮಾರುಕಟ್ಟೆಯಲ್ಲಿ ಮಾಲಿಗಳು "ಸುಣ್ಣದ ಮೇಸ್ತ್ರಿ ಬಂದ್ರು, ದಾರಿ ಬಿಡ್ರಪ್ಪ" ಎಂದು ಹಾಸ್ಯ ಮಾಡುತ್ತಿದ್ದರು. ಮೊದಲು ಕಿವಿ ಬಿಸಿಯಾಗುತ್ತಿತ್ತು. ಆಮೇಲೆ ಅವರೇ ಅರಿಸಿನದ ಪೊಟ್ಟಣ ಜೇಬಿನಲ್ಲಿಟ್ಟುಕೊಂಡು ತಮ್ಮ ತೊಟ್ಟಿಗಳನ್ನು ನೋಡತೊಡಗಿದರು. ಹಾಸ್ಯ ನಿಲ್ಲಲಿಲ್ಲ, ಆದರೆ ಈಗ ಕರೆದರೆ ನಾನು ಎದೆಯುಬ್ಬಿಸಿ ತಿರುಗಿ ನೋಡುತ್ತಿದ್ದೆ.

ತೊಟ್ಟಿಯನ್ನು ಇಟ್ಟಿಗೆ ಕಾಣುವವರೆಗೆ ಕೆರೆದೆವು. ಕುಂಡಗಳಲ್ಲಿ ಮಣ್ಣಿನ ಬದಲು ತುಂಬಿದ್ದ ಪಾಚಿ, ಇದ್ದಿಲು, ಜರಿಗಿಡದ ಬೇರು ಎಲ್ಲ ಬದಲಾಯಿಸಿದೆವು. ಜಡಿಮಳೆ ಶುರುವಾದ ಮೇಲೆ ಎಲೆ ಹಸಿರಾಯಿತು. ಎರಡು ಗಿಡ ಉಳಿಯಲಿಲ್ಲ, ಮಿಕ್ಕವೆಲ್ಲ ಉಳಿದವು. ಮಳೆಗಾಲದ ಕೊನೆಗೆ ಒಂದು ಬೆಳಿಗ್ಗೆ ಬಾಗಿಲು ತೆರೆದಾಗ ಹೊಸ ಹೂಜಿಯೊಂದರ ಮುಚ್ಚಳ ಬಿಚ್ಚಿತ್ತು. ಹೆಬ್ಬೆರಳಿನಷ್ಟು ಉದ್ದ, ಅಂಚಿಗೆ ಕೆಂಪು ಗೆರೆ.

ಮಜ್ಜಿಗೆ ಸುರಿದಳೆಂಬ ಮಾತು ಬಂದ ದಿನದಿಂದ ಅಕ್ಕ ಮಜ್ಜಿಗೆಯನ್ನು ಹೊರಗಿನ ಕಲ್ಲಿನ ಮೇಲೆ ಒಬ್ಬಳೇ ಕುಡಿಯುತ್ತಿದ್ದಳು. ಎಷ್ಟು ಕರೆದರೂ ಚೆಂಬನ್ನು ಒಳಗೆ ತಂದಿರಲಿಲ್ಲ. ಆ ಬೆಳಿಗ್ಗೆ ಅವಳು ಬಂದು ಹೊಸ ಹೂಜಿಯನ್ನು ಬಗ್ಗಿ ನೋಡಿದಳು, ನನ್ನನ್ನೂ ನೋಡಿದಳು. ಹೊರಗೆ ಹೋಗಿ ಚೆಂಬು ತಂದು ಹೂಜಿಯ ಬಾಯಿಗೆ ಹಿಡಿದಳು.

"ತಮ್ಮಾ, ಒಂದು ತೊಟ್ಟು ಹಾಕಲಾ?"

ನಾನು ಹಾಂ ಹಾಂ ಎಂದು ಓಡಿದೆ. ಅವಳು ನಕ್ಕು, ಚೆಂಬನ್ನು ಕುಂಡಗಳ ನಡುವೆ ಮೊದಲಿದ್ದ ಜಾಗದಲ್ಲೇ ಇಟ್ಟು ನೀರು ಹೊರಲು ಹೋದಳು. ಮುಂದಿನ ವರ್ಷಗಳಲ್ಲಿ ನಮ್ಮ ಗಿಡಗಳಿಗೆ ಬಹುಮಾನಗಳು ಬಂದವು, ಹೊಗಳಿಕೆ ಬಂತು. ಆದರೆ ನನ್ನ ಜಂಬ ಯಾವುದಕ್ಕೆ ಎಂದು ಯಾರಾದರೂ ಕೇಳಿದರೆ, ಆ ದಿನ ಹಲಗೆಗೆ ಮರಳಿ ಬಂದ ಆ ಚೆಂಬಿಗೆ ಎನ್ನುತ್ತೇನೆ. ಅಂದು ಅದರ ಮಜ್ಜಿಗೆಯನ್ನು ಅರ್ಧ ಕುಡಿದು ಅರ್ಧ ಅಕ್ಕನಿಗೆ ಉಳಿಸಿದೆ.