ಸಾವಿನ ಮನೆಗೆ ಕಾಫಿ

ಪಕ್ಕದ ಫ್ಲ್ಯಾಟಿನ ಅಂಕಲ್ ಇವತ್ತು ತೀರಿಕೊಂಡರು. ಅವರ ಮನೆಗೆಂದು ಫ್ಲಾಸ್ಕಿಗೆ ಕಾಫಿ ಸುರಿಯುವಾಗ, ಆ ಘಮಕ್ಕೆ ಅಡ್ಯಾರಿನ ನಮ್ಮ ಹಳೆಯ ಮನೆ ನೆನಪಾಯಿತು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಬೀದಿಯಲ್ಲಿ ಯಾರು ತೀರಿಕೊಂಡರೂ ಆ ಮನೆಗೆ ಮೊದಲ ಕಾಫಿ ನಮ್ಮಜ್ಜಿಯದೇ. ತಾತ ಹೋದ ದಿನ ನಮ್ಮ ಹಾಲ್ ತುಂಬ ನೆರೆಯವರ ಫ್ಲಾಸ್ಕುಗಳು. ಅಜ್ಜಿ ಮಾತ್ರ ಬೆಳಗಿನಿಂದ ಮಾತೂ ಆಡಿರಲಿಲ್ಲ, ಅತ್ತೂ ಇರಲಿಲ್ಲ.

"ಒಂದು ಗುಟುಕಾದ್ರೂ ಕುಡೀರಿ ಮಾಮಿ," ಎಂದು ಎದುರುಮನೆಯ ಕಮಲಾ ಲೋಟ ಹಿಡಿದರು.

ಅಜ್ಜಿ ಕುಡಿದು ಮುಖ ಕಿವುಚಿದಳು. "ಏನೇ ಇದು, ಕಾಫಿನೋ ಕಲಗಚ್ಚೋ? ಇವರು ಕುಡಿದಿದ್ರೆ ಎದ್ದು ಕೂತು ಬೈತಿದ್ರು!"

ಕಮಲಾ ಕಿಸಕ್ಕನೆ ನಕ್ಕರು. ಅಳುತ್ತಿದ್ದ ಅಪ್ಪನೂ ನಕ್ಕ. ಕೊನೆಗೆ ಅಜ್ಜಿಯೂ ನಕ್ಕಳು, ನಗುತ್ತ ನಗುತ್ತಲೇ ಅತ್ತಳು.

ಇವತ್ತು ಪಕ್ಕದ ಮನೆಯ ಆಂಟಿ ನನ್ನ ಕಾಫಿ ಕುಡಿದು, ಸಕ್ಕರೆ ಸಾಲದೆಂದು ಗೊಣಗಿದರು. ಖುಷಿಯಿಂದ ಸಕ್ಕರೆ ತರಲು ಓಡಿದೆ.